ಪತ್ತೇದಾರಿ ಮತ್ತು ಥ್ರಿಲ್ಲರ್ ಓದುಗರಲ್ಲಿ ಒಂದು ಪ್ರಶ್ನೆ: ಹೊಸ ಲೇಖಕರನ್ನು ಹೇಗೆ ಹುಡುಕಿಕೊಳ್ಳುತ್ತೀರಿ?

ತುಂಗಾತೀರ ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪತ್ತೇದಾರಿ ಕಾದಂಬರಿಗಳನ್ನು ಓದುತ್ತಲೇ ಬೆಳೆದವನು ನಾನು. ಈಗ ನಿವೃತ್ತನಾಗಿ ಕೈತುಂಬ ಸಮಯ ಸಿಕ್ಕಿರುವಾಗ ಓದುವುದಕ್ಕೆ ಹೊಸ ಲೇಖಕರೇ ಸಿಗದಂತಾಗಿದ್ದಾರೆ. ಆದ್ದರಿಂದ ತಮ್ಮೆಲ್ಲರ ಸಲಹೆ ಕೇಳುತ್ತಿದ್ದೇನೆ.

ಶಿವಮೊಗ್ಗದ ನಮ್ಮ ಬೀದಿಯಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ದಿನಕ್ಕೆ ಇಪ್ಪತ್ತೈದು ಪೈಸೆ ಬಾಡಿಗೆ ಕೊಟ್ಟು ಎನ್. ನರಸಿಂಹಯ್ಯನವರ ಕಾದಂಬರಿಗಳ ಪತ್ತೇದಾರರಾದ ಪುರುಷೋತ್ತಮನನ್ನೂ ಅರಿಂಜಯನನ್ನೂ ಮನೆಗೆ ತರುತ್ತಿದ್ದೆವು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಅವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರೆಂಬುದು ನನಗೆ ಎಷ್ಟೋ ವರ್ಷಗಳ ನಂತರ ತಿಳಿಯಿತು. ಒಮ್ಮೆ ನಾನು ತಂದ ಒಂದು ಪುಸ್ತಕದ ಕೊನೆಯ ಎರಡು ಹಾಳೆ ಹರಿದುಹೋಗಿದ್ದವು. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಬೆಳಿಗ್ಗೆ ಲೈಬ್ರರಿಯ ಬಾಗಿಲು ತೆರೆಯುವುದನ್ನೇ ಕಾದು ನಿಂತೆ. ಯಜಮಾನರು ರಿಜಿಸ್ಟರಿನಲ್ಲಿ ನನ್ನ ಹೆಸರಿಗೆ ಗೆರೆ ಹೊಡೆಯುತ್ತಲೇ, “ಒಳಗಿನಿಂದ ಚಿಲಕ ಹಾಕಿದವನು ಅಡುಗೆಯವನಲ್ಲ ಮಗು, ಬಾಗಿಲು ಒಡೆದು ಮೊದಲು ಒಳಗೆ ಹೋದನಲ್ಲ, ಅವನು” ಎಂದು ಕೊನೆಯ ಅಧ್ಯಾಯವನ್ನು ಬಾಯಲ್ಲೇ ಮುಗಿಸಿಕೊಟ್ಟರು. ಬಾಗಿಲ ಬಳಿ ನಿಂತಿದ್ದವರನ್ನೆಲ್ಲ ಮನಸ್ಸಿನಲ್ಲೇ ಮತ್ತೊಮ್ಮೆ ನಿಲ್ಲಿಸಿ ನೋಡಿದಾಗ, ಸುಳಿವು ಮೊದಲಿನಿಂದಲೂ ನನ್ನ ಕಣ್ಣೆದುರೇ ಇತ್ತೆಂದು ಹೊಳೆಯಿತು. ಇಂದಿಗೂ ನಾನು ಹುಡುಕುತ್ತಿರುವುದು ಆ ಸುಖವನ್ನೇ.

ಟಿ.ಕೆ. ರಾಮರಾಯರನ್ನು ಓದಿ ಮುಗಿಸಿದೆ. ಕೆ.ಎನ್. ಗಣೇಶಯ್ಯನವರು ‘ಕನಕ ಮುಸುಕು’ವಿನಲ್ಲಿ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವ ಮುಸುಕಿನ ಜೋಳದ ತೆನೆಯಂತಹ ವಸ್ತುವನ್ನು ಹಿಡಿದು ಹೊರಟದ್ದರಿಂದ ಮೊದಲ್ಗೊಂಡು ಅವರ ಕಾದಂಬರಿಗಳೂ ಮುಗಿದವು. ಆಮೇಲೆ ಅಂತರ್ಜಾಲದ ಅಂಗಡಿಯೊಂದರಲ್ಲಿ ನಕ್ಷತ್ರಗಳ ಲೆಕ್ಕ ನೋಡಿ ಇಂಗ್ಲಿಷಿನ ಮೂರು ಥ್ರಿಲ್ಲರ್‌ಗಳನ್ನು ತರಿಸಿಕೊಂಡೆ. ಮೂರರಲ್ಲೂ ಮೊದಲ ಅಧ್ಯಾಯ ಕೊಲೆಗಾರನ ಸ್ವಗತವೇ ಆಗಿತ್ತು. ಮೂರರಲ್ಲೂ ಕೊನೆಯಲ್ಲಿ ಬಯಲಾದ ಗುಟ್ಟಿಗೆ ಹಿಂದಿನ ಮುನ್ನೂರು ಪುಟಗಳಲ್ಲಿ ಒಂದು ಸುಳಿವೂ ಇರಲಿಲ್ಲ. ಒಂದನ್ನು ಕೊಂಡ ಮೇಲೆ ಅಂಗಡಿ ಅದೇ ಬಗೆಯ ಇನ್ನೂ ಇಪ್ಪತ್ತನ್ನು ತೋರಿಸುತ್ತಲೇ ಇದೆ. ಕನ್ನಡವಾದರೂ ಸರಿ, ಇಂಗ್ಲಿಷಾದರೂ ಸರಿ, ಅನುವಾದವಾದರೂ ಸರಿ. ನೀವು ಇಷ್ಟಪಟ್ಟ ಲೇಖಕರ ಹೆಸರಿನ ಜೊತೆಗೆ, ಅವರು ನಿಮಗೆ ಸಿಕ್ಕಿದ್ದು ಹೇಗೆ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಏಲಕ್ಕಿಬೆಟ್ಟ ಅವರ ಉತ್ತರ

ನಿಮ್ಮ ಲೈಬ್ರರಿಯ ಪ್ರಸಂಗ ಓದಿ ನಮ್ಮೂರಿನ ಅಂತಹುದೇ ಅಂಗಡಿಯೊಂದು ನೆನಪಾಯಿತು. ಕನ್ನಡದ ಮಟ್ಟಿಗೆ ನನ್ನ ಅನುಭವ ಹೇಳುತ್ತೇನೆ. ‘ಪತ್ತೇದಾರಿ’ ಎಂಬ ಚೀಟಿ ಅಂಟಿಸಿದ ಕಪಾಟಿನಲ್ಲಿ ಮಾತ್ರ ಹುಡುಕುವವರಿಗೆ ಕನ್ನಡದ ಅಪರಾಧ ಕಥನದ ಅರ್ಧ ಭಾಗ ಕಾಣುವುದೇ ಇಲ್ಲ. ಮಾಸ್ತರರು, ವಿಮರ್ಶಕರು ಗಂಭೀರ ಸಾಹಿತ್ಯವೆಂದು ಬೇರೆ ಕಡೆ ಎತ್ತಿಟ್ಟ ಪುಸ್ತಕಗಳಲ್ಲಿ ಒಳ್ಳೆಯ ತನಿಖೆಯ ಕಥೆಗಳಿವೆ.

ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ವನ್ನು ನೀವು ಓದಿರಬಹುದು, ಆದರೆ ಪತ್ತೇದಾರಿ ಕಾದಂಬರಿಯೆಂದು ಓದಿದ್ದೀರಾ? 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದರಿಂದಲೋ ಏನೋ, ಅದರ ಬೆನ್ನೆಲುಬು ಒಂದು ತನಿಖೆ ಎಂಬುದನ್ನು ನಾವು ಮರೆತುಬಿಡುತ್ತೇವೆ. ಏಲಕ್ಕಿ ಸಂಶೋಧನಾ ಕೇಂದ್ರದ ವಿಜ್ಞಾನಿ ಜೋಗಿಹಾಳರ ಸಾವಿನ ಸುತ್ತ ಅನುಮಾನಗಳಿವೆ. ಕೆಸರೂರಿಗೆ ಬರುವ ಗುಪ್ತಚರ ಇಲಾಖೆಯ ಶ್ಯಾಮನಂದನ ಅಂಗಾಡಿ ಯಾರನ್ನು ಮಾತನಾಡಿಸಿದರೂ ಸಾವಿನ ಕಾರಣದ ಬದಲು ಊರಿನ ಒಂದೊಂದು ಹುಣ್ಣು ಬಯಲಾಗುತ್ತದೆ. ಬೆಳೆ ಏಕೆ ಸೋಲುತ್ತಿದೆ, ಕಾಡು ಏಕೆ ಬರಿದಾಗುತ್ತಿದೆ, ಜಾತಿಯ ಸಿಟ್ಟು ಎಲ್ಲಿಂದ ಹೊಗೆಯಾಡುತ್ತಿದೆ ಎಂಬ ಪ್ರಶ್ನೆಗಳೆಲ್ಲ ಆ ಒಂದು ಸಾವಿಗೆ ಬಂದು ಅಂಟಿಕೊಳ್ಳುತ್ತವೆ. ‘ಜುಗಾರಿ ಕ್ರಾಸ್’ನ ನಡಿಗೆ ಇನ್ನೂ ಬಿಗಿ. ಏಲಕ್ಕಿ ಮಾರಿ ಹಣ ಹಿಡಿದು ಮನೆಯ ದಾರಿ ಹಿಡಿದ ಸುರೇಶ ಮತ್ತು ಗೌರಿಯ ಕಥೆ ಒಂದು ದಿನದ ಒಳಗೇ ಓಡಿ ಮುಗಿಯುತ್ತದೆ. ನಾನು ಅದನ್ನು ಮೊದಲು ಓದಿದ್ದು ಹಾಸನದಿಂದ ಮಂಗಳೂರಿಗೆ ಹೋಗುವ ರೈಲಿನಲ್ಲಿ. ಸುರಂಗ ಬಂದಾಗಲೆಲ್ಲ ಪುಟದ ಮೇಲೆ ಬೆರಳಿಟ್ಟು, ಬೆಳಕು ಬರುವವರೆಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದೆ.

ಹೊಸಬರಲ್ಲಿ ನಾನು ಮೊದಲು ಹೇಳುವ ಹೆಸರು ಅನುಷ್ ಶೆಟ್ಟಿಯವರದು. ‘ಆಹುತಿ’, ‘ಜೋಡ್ಪಾಲ’, ‘ಹುಲಿ ಪತ್ರಿಕೆ’ ಈ ಮೂರರಲ್ಲಿ ಯಾವುದರಿಂದಲಾದರೂ ಆರಂಭಿಸಬಹುದು. ವಾಕ್ಯಗಳು ಚಿಕ್ಕವು. ಸಂಭಾಷಣೆಯಲ್ಲಿ ಇಂದಿನ ಹುಡುಗರು ಆಡುವ ಮಾತೇ ಇದೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಯ ಜೋಡುಪಾಲವನ್ನು ಬಲ್ಲವರಿಗೆ ಆ ಹೆಸರಿನ ಕಾದಂಬರಿ ಕೈಗೆ ಬಂದರೆ ಸಾಕು, ಮಂಜು ಮುಸುಕಿದ ತಿರುವುಗಳು ಕಣ್ಣಿಗೆ ಕಟ್ಟುತ್ತವೆ. ಅವರ ಪುಸ್ತಕ ನನಗೆ ಪರಿಚಯವಾದದ್ದು ಯಾವ ಜಾಹೀರಾತಿನಿಂದಲೂ ಅಲ್ಲ. ಪುಸ್ತಕದಂಗಡಿಯಲ್ಲಿ ಕಾಲೇಜು ಹುಡುಗಿಯೊಬ್ಬಳು ತನ್ನ ಗೆಳತಿಗೆ “ಇದನ್ನು ರಾತ್ರಿ ಹಿಡಿಯಬೇಡ, ಬೆಳಿಗ್ಗೆ ಪರೀಕ್ಷೆಗೆ ಏಳುವುದಿಲ್ಲ” ಎಂದು ಹೇಳುತ್ತಿದ್ದುದು ಕಿವಿಗೆ ಬಿತ್ತು. ಆ ಮಾತನ್ನು ನಂಬಿ ಕೊಂಡುಕೊಂಡೆ.

ಕಪ್ಪುಮಣ್ಣು ಅವರ ಉತ್ತರ

ನಾನು ಹುಡುಕುವ ವಿಧಾನ ಪ್ರಶಸ್ತಿಗಳದು. ಗೆದ್ದ ಪುಸ್ತಕವನ್ನಷ್ಟೇ ನೋಡದೆ ಅಂತಿಮ ಪಟ್ಟಿಯಲ್ಲಿದ್ದು ಸೋತ ಪುಸ್ತಕಗಳನ್ನು ಗುರುತು ಹಾಕಿಕೊಳ್ಳುತ್ತೇನೆ. ಬ್ರಿಟನ್ನಿನ ಅಪರಾಧ ಸಾಹಿತಿಗಳ ಸಂಘ 1955ರಿಂದ ವರ್ಷದ ಅತ್ಯುತ್ತಮ ಕಾದಂಬರಿಗೆ ಬಹುಮಾನ ಕೊಡುತ್ತ ಬಂದಿದೆ, ಅದಕ್ಕೀಗ ಗೋಲ್ಡ್ ಡ್ಯಾಗರ್ ಎಂದು ಹೆಸರು. ಅನುವಾದವಾಗಿ ಬಂದ ಕಾದಂಬರಿಗಳಿಗೆಂದೇ ಅವರದು 2006ರಿಂದ ಬೇರೆ ಬಹುಮಾನವಿದೆ. ಉತ್ತರ ಯುರೋಪಿನ ದೇಶಗಳಿಗೆ 1992ರಿಂದ ಗ್ಲಾಸ್ ಕೀ ಇದೆ. ಈ ಮೂರರ ಹಿಂದಿನ ಹತ್ತು ವರ್ಷಗಳ ಪಟ್ಟಿ ತೆಗೆದುಕೊಂಡರೆ ನಿಮಗೆ ಐದಾರು ವರ್ಷಕ್ಕೆ ಸಾಕಾಗುವಷ್ಟು ಓದು ಸಿಗುತ್ತದೆ.

ಜೇನ್ ಹಾರ್ಪರ್ ನನಗೆ ಸಿಕ್ಕಿದ್ದು ಹೀಗೆಯೇ. ಆಸ್ಟ್ರೇಲಿಯಾದ ಆಕೆಯ ‘ದಿ ಡ್ರೈ’ ಮೊದಲ ಕಾದಂಬರಿಯಾಗಿದ್ದೂ 2017ರಲ್ಲಿ ಗೋಲ್ಡ್ ಡ್ಯಾಗರ್ ಪಡೆಯಿತು. ಮಳೆ ಮುಖ ತೋರಿಸದ ಒಂದು ಊರು, ಬತ್ತಿದ ಹೊಳೆ, ಸಾಲದ ಭಾರ, ಒಂದು ರೈತ ಕುಟುಂಬದ ಸಾವು. ಬಾಲ್ಯದ ಗೆಳೆಯನ ಅಂತ್ಯಕ್ರಿಯೆಗೆಂದು ಬಂದ ತನಿಖಾಧಿಕಾರಿ ಏರನ್ ಫಾಕ್‌ನನ್ನು ಊರಿನವರು ಇಪ್ಪತ್ತು ವರ್ಷ ಹಿಂದಿನ ಇನ್ನೊಂದು ಸಾವಿನ ಲೆಕ್ಕ ಕೇಳುತ್ತಾರೆ. ಗದಗ ಜಿಲ್ಲೆಯಲ್ಲಿ ಹುಟ್ಟಿ ಬಿರುಕುಬಿಟ್ಟ ಎರೆಹೊಲಗಳನ್ನು ಕಂಡ ನನಗೆ ಆ ಊರನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಬರ ಬಂದಾಗ ಮನುಷ್ಯರ ಮಾತು ಹೇಗೆ ಚುಟುಕಾಗುತ್ತದೆ, ಒಬ್ಬರ ಮನೆಯ ಬೋರ್‌ವೆಲ್ಲಿನಲ್ಲಿ ನೀರು ಬಂದರೆ ಪಕ್ಕದ ಮನೆಯವರು ಹೇಗೆ ನೋಡುತ್ತಾರೆ ಎಂಬುದು ನನಗೆ ಗೊತ್ತು. ಆ ನೋಟವನ್ನು ಆಕೆ ಬರೆದಿದ್ದಾರೆ.

ಇದರ ಜೊತೆಗೆ ಒಂದು ಹಳೆಯ ಹೆಸರು. ಸ್ವೀಡನ್ನಿನ ಮಾಯ್ ಶೋವಾಲ್ ಮತ್ತು ಪೇರ್ ವಾಲೂ ದಂಪತಿಗಳಂತೆ ಬಾಳಿ, ಒಟ್ಟಿಗೆ ಕುಳಿತು, 1965ರಿಂದ 1975ರವರೆಗೆ ಮಾರ್ಟಿನ್ ಬೆಕ್ ಎಂಬ ಪೊಲೀಸ್ ಅಧಿಕಾರಿಯ ಹತ್ತು ಕಾದಂಬರಿ ಬರೆದರು. ಈಗಿನ ನಾರ್ಡಿಕ್ ಲೇಖಕರ ಬೇರು ಅಲ್ಲಿದೆ. ಹೊಸಬರನ್ನು ಹುಡುಕುವವರು ಅವರ ಗುರುಗಳಿಂದ ಆರಂಭಿಸಿದರೆ ಯಾರು ಸ್ವಂತದ್ದನ್ನು ಬರೆಯುತ್ತಿದ್ದಾರೆ, ಯಾರು ಹಳೆಯದನ್ನು ಉಜ್ಜುತ್ತಿದ್ದಾರೆ ಎಂಬುದು ಬೇಗ ತಿಳಿಯುತ್ತದೆ.

ರಾತ್ರಿರೈಲು ಅವರ ಉತ್ತರ

ಕಪ್ಪುಮಣ್ಣು ಅವರ ಮಾತನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ಪ್ರಶ್ನೆ ಕೇಳಿದವರಿಗೆ ಬೇಕಾಗಿರುವುದು ಸುಳಿವು ಕಣ್ಣೆದುರೇ ಇದ್ದೂ ಕಾಣದಿರುವ ಸುಖ. ಈಚಿನ ಪ್ರಶಸ್ತಿ ಪಟ್ಟಿಗಳಲ್ಲಿ ಸಮಾಜದ ಚಿತ್ರಣಕ್ಕೆ ಸಿಗುವ ಮನ್ನಣೆ ಸುಳಿವಿನ ನೇಯ್ಗೆಗೆ ಸಿಗುವುದಿಲ್ಲ ಎಂಬುದು ನನ್ನ ಭಾವನೆ. ಆ ನೇಯ್ಗೆಯನ್ನು ಕೈಬಿಡದೆ ಕಾಪಾಡಿಕೊಂಡು ಬಂದವರು ಜಪಾನಿನವರು.

ಸೆಯಿಚೋ ಮಾತ್ಸುಮೋಟೊ ಅವರ ಒಂದು ಕಾದಂಬರಿ ಜಪಾನಿನಲ್ಲಿ 1958ರಲ್ಲಿ ಪುಸ್ತಕವಾಗಿ ಬಂತು. ಇಂಗ್ಲಿಷಿನಲ್ಲಿ ಮೊದಲು ‘ಪಾಯಿಂಟ್ಸ್ ಅಂಡ್ ಲೈನ್ಸ್’ ಎಂದಿದ್ದದ್ದು ಈಗ ‘ಟೋಕಿಯೋ ಎಕ್ಸ್‌ಪ್ರೆಸ್’ ಎಂಬ ಹೆಸರಿನಲ್ಲಿ ಸಿಗುತ್ತದೆ. ಕಡಲ ತೀರದಲ್ಲಿ ಒಂದು ಗಂಡು ಮತ್ತು ಒಂದು ಹೆಣ್ಣಿನ ಶವಗಳು ಅಕ್ಕಪಕ್ಕದಲ್ಲಿ ಸಿಗುತ್ತವೆ, ಪ್ರೇಮಿಗಳ ಆತ್ಮಹತ್ಯೆಯೆಂದು ಎಲ್ಲರೂ ತೀರ್ಮಾನಿಸುತ್ತಾರೆ. ಊರಿನ ಹಳೆಯ ಪತ್ತೇದಾರ ತೋರಿಗಾಯಿ ಮಾತ್ರ ಸತ್ತವನ ಜೇಬಿನಲ್ಲಿದ್ದ ರೈಲಿನ ಊಟದ ಬೋಗಿಯ ರಸೀತಿಯನ್ನು ನೋಡಿ ನಿಲ್ಲುತ್ತಾನೆ. ರಸೀತಿ ಒಬ್ಬರ ಊಟದ್ದು. ಜೊತೆಯಲ್ಲಿ ಸಾಯಲು ಹೊರಟವರು ಊಟಕ್ಕೆ ಏಕೆ ಜೊತೆಯಾಗಲಿಲ್ಲ? ಇನ್ನೊಂದು ಸಂಗತಿ, ಟೋಕಿಯೋ ನಿಲ್ದಾಣದ 13ನೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ ನಡುವೆ ರೈಲುಗಳ ಅಡ್ಡಿಯಿಲ್ಲದೆ 15ನೆಯ ಪ್ಲಾಟ್‌ಫಾರ್ಮ್ ಕಾಣುವುದು ಸಂಜೆ ನಾಲ್ಕೇ ನಿಮಿಷ. ಸತ್ತ ಇಬ್ಬರೂ ರೈಲು ಹತ್ತಿದ್ದನ್ನು ಕಂಡವರು ಸರಿಯಾಗಿ ಆ ನಾಲ್ಕು ನಿಮಿಷಗಳಲ್ಲೇ ಅಲ್ಲಿ ಬಂದು ನಿಂತದ್ದು ಹೇಗೆ? ಇಡೀ ಕಾದಂಬರಿ ರೈಲ್ವೆ ವೇಳಾಪಟ್ಟಿಯ ಮೇಲೆ ನಿಂತಿದೆ. ನಾನು ರೈಲ್ವೆಯಲ್ಲಿ ದುಡಿದವನು. ಪೆನ್ಸಿಲ್ ಹಿಡಿದು ಸಮಯಗಳನ್ನು ಬರೆದುಕೊಳ್ಳುತ್ತ ಓದಿದೆ, ಆದರೂ ಸೋತೆ. ಅಷ್ಟು ಸಂತೋಷದಿಂದ ನಾನು ಯಾವ ಪುಸ್ತಕಕ್ಕೂ ಸೋತಿಲ್ಲ.

ಅದಾದ ಮೇಲೆ ಕೀಗೊ ಹಿಗಾಶಿನೋ ಅವರಿಗೆ ಬನ್ನಿ. ‘ದಿ ಡಿವೋಶನ್ ಆಫ್ ಸಸ್ಪೆಕ್ಟ್ ಎಕ್ಸ್’ನಲ್ಲಿ ಕೊಂದವರು ಯಾರೆಂದು ಆರಂಭದಲ್ಲೇ ತಿಳಿದುಬಿಡುತ್ತದೆ. ಪಕ್ಕದ ಮನೆಯ ಗಣಿತದ ಮೇಷ್ಟ್ರು ಆ ತಾಯಿ-ಮಗಳನ್ನು ಉಳಿಸಲು ಏನು ಮಾಡಿದನೆಂಬುದು ಮಾತ್ರ ಕೊನೆಯವರೆಗೆ ತಿಳಿಯುವುದಿಲ್ಲ. ತಿಳಿದಾಗ ನಾನು ಪುಸ್ತಕ ಮಡಿಲಲ್ಲಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ನನ್ನ ಹುಡುಕಾಟದ ದಾರಿ ಸರಳವಾದದ್ದು. ಮೆಚ್ಚಿದ ಪುಸ್ತಕದ ಒಳಪುಟದಲ್ಲಿ ಅನುವಾದಕರ ಹೆಸರನ್ನು ನೋಡಿ, ಅವರು ಇನ್ನು ಯಾರನ್ನು ಅನುವಾದಿಸಿದ್ದಾರೆಂದು ಹುಡುಕುತ್ತೇನೆ. ಒಂದು ಪುಸ್ತಕದೊಂದಿಗೆ ತಿಂಗಳುಗಟ್ಟಲೆ ಬಾಳಬೇಕಾದವರು ಸುಮ್ಮನೆ ಯಾವುದನ್ನೋ ಎತ್ತಿಕೊಳ್ಳುವುದಿಲ್ಲ.

ಸಂಪಿಗೆಮರ ಅವರ ಉತ್ತರ

ಬೆಂಗಳೂರನ್ನೇ ನೆಲೆಯಾಗಿಸಿಕೊಂಡು ಇಂಗ್ಲಿಷಿನಲ್ಲಿ ಬರೆಯುತ್ತಿರುವ ಇಬ್ಬರು ಲೇಖಕಿಯರನ್ನು ಯಾರೂ ಹೇಳಲಿಲ್ಲವಾದ್ದರಿಂದ ಸೇರಿಸುತ್ತಿದ್ದೇನೆ. ಅನಿತಾ ನಾಯರ್ ಅವರ ಇನ್ಸ್‌ಪೆಕ್ಟರ್ ಬೋರೇಗೌಡ 2012ರ ‘ಕಟ್ ಲೈಕ್ ವೂಂಡ್’ನಲ್ಲಿ ಮೊದಲು ಕಾಣಿಸಿಕೊಂಡ. ರಂಜಾನ್ ತಿಂಗಳ ಶಿವಾಜಿನಗರದ ರಾತ್ರಿಗಳು ಅದರಲ್ಲಿವೆ. ಕೆಲವು ಪುಟಗಳು ಕ್ರೂರವಾಗಿವೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ ಬೇರೆಯೇ ಬಗೆಯದು. 1921ರ ಬೆಂಗಳೂರು, ಆಗಷ್ಟೇ ಸಂಸಾರ ಹೂಡಿದ ಕಾವೇರಿ, ಬೌರಿಂಗ್ ಆಸ್ಪತ್ರೆಯಲ್ಲಿ ವೈದ್ಯನಾದ ಅವಳ ಗಂಡ ರಾಮು. ಗಣಿತವೆಂದರೆ ಪ್ರಾಣವೆನ್ನುವ ಕಾವೇರಿ ಕೊಲೆಯ ಸುಳಿವುಗಳನ್ನು ಲೆಕ್ಕ ಬಿಡಿಸುವಂತೆಯೇ ಒಂದೊಂದಾಗಿ ಬಿಡಿಸುತ್ತಾಳೆ. ನನ್ನ ಅಜ್ಜಿ ಹೇಳುತ್ತಿದ್ದ ದಂಡು ಮತ್ತು ಪೇಟೆಯ ನಡುವಿನ ಅಂತರ, ಯಾರ ಮನೆಯ ಅಡುಗೆಮನೆಗೆ ಯಾರು ಬರಬಹುದು ಎಂಬ ಕಟ್ಟುಪಾಡು, ಇವೆಲ್ಲ ತನಿಖೆಗೆ ಅಡ್ಡಿಯಾಗಿಯೂ ದಾರಿಯಾಗಿಯೂ ಬರುತ್ತವೆ. ಅತ್ತೆಯವರಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿದ್ದಾಗ ನಾನು ಇದನ್ನು ದಿನಕ್ಕೊಂದು ಅಧ್ಯಾಯದಂತೆ ಕನ್ನಡದಲ್ಲಿ ಹೇಳುತ್ತಿದ್ದೆ. ನಾಲ್ಕನೆಯ ದಿನದಿಂದ ಅವರು ಎರಡು ಅಧ್ಯಾಯ ಕೇಳಲು ಆರಂಭಿಸಿದರು.

ತುಂಗಾತೀರ ಅವರ ಮರುನುಡಿ

ಇಷ್ಟು ವಿವರವಾಗಿ ಬರೆದ ತಮಗೆಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮೂರು ವಾರ ತಡವಾಗಿ ಬರೆಯುತ್ತಿರುವುದಕ್ಕೆ ಕಾರಣ ಓದುತ್ತಿದ್ದುದೇ.

‘ಚಿದಂಬರ ರಹಸ್ಯ’ವನ್ನು ಹಿಂದೆ ಓದಿದ್ದೆ. ಏಲಕ್ಕಿಬೆಟ್ಟ ಅವರ ಮಾತಿನಂತೆ ಈ ಬಾರಿ ಅಂಗಾಡಿಯ ಹೆಗಲ ಮೇಲಿನಿಂದ ಇಣುಕುತ್ತ ಓದಿದೆ. ಆಗ ನಗುವಿಗಾಗಿ ಓದಿ ದಾಟಿದ್ದ ಮಾತುಗಳಲ್ಲಿ ಎಷ್ಟೋ ಸುಳಿವುಗಳಿದ್ದುದು ಈಗ ಕಂಡಿತು. ‘ಆಹುತಿ’ಯನ್ನು ನನಗಿಂತ ಮೊದಲು ಮೊಮ್ಮಗ ಎತ್ತಿಕೊಂಡು ಹೋದ. ಕನ್ನಡ ಪುಸ್ತಕವನ್ನು ತಾನಾಗಿ ಎತ್ತಿಕೊಂಡದ್ದು ಅವನ ಜೀವನದಲ್ಲಿ ಇದೇ ಮೊದಲು, ಆದ್ದರಿಂದ ಹಿಂದಕ್ಕೆ ಕೇಳಿಲ್ಲ.

ರಾತ್ರಿರೈಲು ಅವರೇ, ನಿಮ್ಮ ಮಾತ್ಸುಮೋಟೊ ನಿನ್ನೆ ಬಂತು. ನಾನೂ ಪೆನ್ಸಿಲ್ ಹಿಡಿದು ಕುಳಿತಿದ್ದೇನೆ. ಆ ನಾಲ್ಕು ನಿಮಿಷದವರೆಗೆ ತಲುಪಿದ್ದೇನೆ. ಕಂಡವರನ್ನು ಅಲ್ಲಿಗೆ ಕರೆತಂದವನ ಮೇಲೆ ನನಗೆ ಅನುಮಾನವಿದೆ, ಆದರೆ ಅವನು ಆ ಹೊತ್ತಿಗೆ ಬೇರೆಲ್ಲೋ ಇದ್ದನೆಂದು ವೇಳಾಪಟ್ಟಿ ಹೇಳುತ್ತಿದೆ. ದಯವಿಟ್ಟು ಉತ್ತರವನ್ನು ಇಲ್ಲಿ ಯಾರೂ ಬರೆಯಬೇಡಿ. ಈ ಪುಸ್ತಕದ ಕೊನೆಯ ಹಾಳೆಗಳು ಇವೆಯೆಂದು ಮೊದಲೇ ಎಣಿಸಿ ನೋಡಿಕೊಂಡಿದ್ದೇನೆ.