ಯೆಗೋರ್‌ನನ್ನ ಮಗ ಮಾಡಿದ್ದು ಯಾಕೆ?

ಗುಂಪು: ರಷ್ಯನ್ ಕ್ಲಾಸ್ ಹಳೇ ಬ್ಯಾಚ್

(ಪ್ರಕಾಶ ಹಂಚಿದ ವಿಡಿಯೊ: ರಷ್ಯನ್ ಸಿನಿಮಾ ‘ನೊಚ್ನೋಯ್ ದೊಜೋರ್’, ಅಂದರೆ ‘ರಾತ್ರಿ ಕಾವಲು’, ಈಜುಕೊಳದ ದೃಶ್ಯ)

ಪ್ರಕಾಶ: 2004ರ ಸಿನಿಮಾ ಇದು, ನಿರ್ದೇಶನ ಬೆಕ್‌ಮಾಂಬೆತೋವ್. ಮಾಂತ್ರಿಕ ಶಕ್ತಿ ಇರೋರದು ಬೆಳಕು, ಕತ್ತಲು ಅಂತ ಎರಡು ಬಣ. ನಾಯಕ ಅಂತೋನ್, ಕತ್ತಲಿನವರ ಮೇಲೆ ಕಣ್ಣಿಡೋ ಬೆಳಕಿನ ಕಾವಲಿನವನು. ರಕ್ತಪಿಶಾಚಿಯೊಬ್ಬಳು ಹುಡುಗ ಯೆಗೋರ್‌ನನ್ನ ಕರೆಯೋ ಮಾತು ಕೆಂಪಕ್ಷರದಲ್ಲಿ ಬಂದು ನೀರಲ್ಲಿ ರಕ್ತದ ಹಾಗೆ ಕದಡಿಹೋಗುತ್ತೆ, ನೋಡಿ. ಇಂಗ್ಲಿಷ್ ಸಬ್‌ಟೈಟಲ್ಲನ್ನೇ ದೃಶ್ಯದೊಳಗೆ ಬೆರೆಸಿದಾರೆ.

ಸುಮಾ: ಸಬ್‌ಟೈಟಲ್ ಸೊಗಸಾಗಿದೆ ಕಣೋ. ಆದರೆ ಆ ಯೆಗೋರ್, ಲುಕ್ಯಾನೆಂಕೊ 1998ರಲ್ಲಿ ಬರೆದ ಮೂಲ ಕಾದಂಬರಿಯಲ್ಲಿ ಅಂತೋನ್‌ನ ಮಗನೇ ಅಲ್ಲ. ಯಾರದೋ ಮನೆ ಹುಡುಗ. ಸಂಬಂಧ ಇಲ್ಲದವನಿಗಾಗಿ ಎಷ್ಟು ದೂರ ಹೋಗ್ತೀಯ ಅನ್ನೋದು ಅಲ್ಲಿನ ಪ್ರಶ್ನೆ. ಸಿನಿಮಾ ಅದನ್ನ ಅಪ್ಪ ಮಾಡಿದ ಪಾಪ ಮಾಡಿಬಿಡ್ತು.

ಪ್ರಕಾಶ: ಎರಡು ಗಂಟೆ ನೋಡೋರನ್ನ ಹಿಡಿದು ಕೂರಿಸಬೇಕಲ್ಲ ಮಾರಾಯ್ತಿ.

ಸುಮಾ: ಅದಕ್ಕೆ ಆರಿಸ್ಕೊಂಡಿದ್ದು ಏನನ್ನ ಅಂತ ನೋಡು. 1992, ಸೋವಿಯತ್ ಒಕ್ಕೂಟ ಮುರಿದ ಮರುವರ್ಷ. ಬಿಟ್ಟುಹೋದ ಹೆಂಡತಿ ವಾಪಸ್ ಬರಲಿ ಅಂತ ಅಂತೋನ್ ಮಾಟಗಾತಿ ದಾರ್ಯಾ ಹತ್ರ ಹೋಗ್ತಾನೆ. ಹೆಂಡತಿ ಹೊಟ್ಟೇಲಿರೋ ಮಗು ಹೋಗಬೇಕು, ಪಾಪ ನಿನ್ನ ತಲೆಗೆ ಅಂತಾಳೆ ದಾರ್ಯಾ. ಇವನು ಹೂಂ ಅಂತಾನೆ. ದಾರ್ಯಾ ಎರಡು ಅಂಗೈ ತಟ್ಟಿದರೆ ಗರ್ಭ ಹೋದ ಹಾಗೆ. ಅಷ್ಟರಲ್ಲಿ ಕಾವಲಿನವರು ನುಗ್ಗಿ ಅವಳ ಕೈ ಹಿಡೀತಾರೆ. ಹಾಗೆ ಉಳಿದ ಮಗುವೇ ಯೆಗೋರ್. ಇಡೀ ಕಥೆ ನಿಂತಿರೋದು ಆ ಹೆಂಡತಿ ಬಸಿರಿನ ಮೇಲೆ. ಅವಳ ಇಷ್ಟ ಏನಿತ್ತು ಅನ್ನೋದು ಲೆಕ್ಕಕ್ಕೇ ಇಲ್ಲ.

ವಿದ್ಯಕ್ಕ: ದುಡ್ಡು ಯಾರದು ಅಂತಾನೂ ಸೇರಿಸು ಸುಮಾ. ನಿರ್ಮಾಪಕ ಎರ್ನ್‌ಸ್ತ್, ಸರ್ಕಾರದ ಪಾಲಿರೋ ಪೆರ್ವಿ ಕನಾಲ್ ಟೀವಿಯ ಮುಖ್ಯಸ್ಥ. ಬೆಳಕಿನವರು ಓಡಾಡೋದು ‘ಗೋರ್‌ಸ್ವೆತ್’ ಹೆಸರಿನ ಹಳದಿ ಲಾರಿಯಲ್ಲಿ, ಅಂದರೆ ಬೀದಿದೀಪ ನೋಡ್ಕೊಳ್ಳೋ ನಗರ ಸಂಸ್ಥೆ. ಅವರ ಯಜಮಾನ ಗೇಸರ್ ಪಾತ್ರಕ್ಕೆ ವ್ಲಾದಿಮಿರ್ ಮೆನ್ಶೋವ್. ಸೋವಿಯತ್ ಕಾಲದಲ್ಲಿ ಆಸ್ಕರ್ ಗೆದ್ದ ‘ಮಾಸ್ಕೋ ಕಣ್ಣೀರನ್ನು ನಂಬುವುದಿಲ್ಲ’ದ ನಿರ್ದೇಶಕ! ರಷ್ಯನ್ನರಿಗೆ ಆ ಮುಖ ಕಂಡರೇ ಹಳೇ ನಂಬಿಕೆ ಹುಟ್ಟುತ್ತೆ. ಕತ್ತಲಿನ ಕಡೆ ಪಾಪ್ ಗಾಯಕಿ ಝಾನ್ನಾ ಫ್ರಿಸ್ಕೆ. ಹಳೇ ಸರ್ಕಾರಿ ನೌಕರಿ ಬೆಳಕು, ಹೊಸ ದುಡ್ಡು ಕತ್ತಲು.

ಪ್ರಕಾಶ: ಹೊಸ ದುಡ್ಡು ಅಷ್ಟು ಕೆಟ್ಟದಾಗಿದ್ರೆ ಅದೇ ಸಿನಿಮಾದಲ್ಲಿ ನೆಸ್‌ಕೆಫೆ ಜಾಹೀರಾತು ಯಾಕಕ್ಕ? ಬೆಳಕಿನವರು ಒಳ್ಳೆಯವರು ಅಂತಾನೂ ತೋರಿಸಿಲ್ಲ. ರಕ್ತಪಿಶಾಚಿಗಳಿಗೆ ಬೇಟೆಯ ಪರವಾನಗಿ ಕೊಡೋದೇ ಅವರು. ಜಾಡು ಹಿಡಿಯೋಕೆ ಅಂತೋನ್ ಕಟುಕನ ಹತ್ರ ರಕ್ತ ತಗೊಂಡು ಕುಡೀತಾನೆ. ಹುಡುಗ ಕೊನೆಗೆ ಕತ್ತಲಿಗೆ ಹೋಗೋದು ಅಪ್ಪ ಮುಚ್ಚಿಟ್ಟ ಸತ್ಯ ಗೊತ್ತಾದಾಗ.

ಸುಮಾ: ಪರವಾನಗಿ ಕಾದಂಬರಿಯದೇ. ಉಳಿಸಿಕೊಂಡಿದ್ದು ದೊಡ್ಡ ವಿಷಯ, ಒಪ್ತೀನಿ. ಆದರೆ ರಷ್ಯದ ಕ್ರಾಂತಿಯೇ ಬೆಳಕಿನವರ ಪ್ರಯೋಗ ಅನ್ನೋ ಮಾತು ಕಾದಂಬರಿ ಸರಣಿಯಲ್ಲಿ ಬರುತ್ತೆ. ಸಿನಿಮಾ ಅದರ ಹತ್ತಿರಾನೂ ಸುಳಿಯಲ್ಲ. ಎರಡನೇ ಭಾಗ 2006ರ ಜನವರಿ 1ಕ್ಕೆ ಬಂತಲ್ಲ, ಅದರ ಕೊನೆ ನೆನಪಿಸ್ಕೊ. ಬರೆದರೆ ಹಣೆಬರಹವೇ ಬದಲಾಗೋ ‘ವಿಧಿಯ ಸೀಮೆಸುಣ್ಣ’ದಿಂದ ಅಂತೋನ್ ದಾರ್ಯಾ ಮನೆ ಗೋಡೆ ಮೇಲೆ ‘ನ್ಯೆತ್’ ಅಂತ ಬರೀತಾನೆ. ಬೇಡ! ಕಾಲ 1992ಕ್ಕೆ ಮರಳುತ್ತೆ, ಎಲ್ಲಾ ಸರಿಹೋಗುತ್ತೆ. ಪರವಾನಗಿ ಕೊಟ್ಟ ಕಚೇರಿಯನ್ನ ಯಾರು ಕೇಳಿದ್ರು?

ಪ್ರಕಾಶ: ಅದು ಸರಿ. ಆ ಕೊನೆಯನ್ನ ನಾನು ಸಮರ್ಥಿಸಲ್ಲ. ಮೊದಲ ಭಾಗದ ಕೊನೆ ಮಾತ್ರ ಬಿಟ್ಟುಕೊಡಲ್ಲ, ಅಲ್ಲಿ ಹುಡುಗ ಅಪ್ಪನ ಕಡೆ ಬೆನ್ನು ತಿರುಗಿಸಿ ಹೋಗೇಬಿಡ್ತಾನೆ.