ಹಾರರ್ ಟ್ರೇಲರ್ ಮತ್ತು ಪೋಸ್ಟರ್ ಪ್ರಾಜೆಕ್ಟ್: ದೆವ್ವ ತೋರಿಸದೆ ಹೆದರಿಸುವುದು ಹೇಗೆ?

ವಠಾರದ ಹುಡುಗಿ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲೇ ಜರ್ನಲಿಸಂ ಓದುತ್ತಿದ್ದೇನೆ. ಈ ಸೆಮಿಸ್ಟರ್‌ಗೆ ನಾವೇ ಕಲ್ಪಿಸಿಕೊಂಡ ಒಂದು ಹಾರರ್ ಸಿನಿಮಾಕ್ಕೆ ಟ್ರೇಲರ್ ಮತ್ತು ಪೋಸ್ಟರ್ ಮಾಡಿ ಕೊಡಬೇಕು. ಟ್ರೇಲರ್ 90 ಸೆಕೆಂಡ್ ದಾಟಬಾರದು. ಪೋಸ್ಟರ್ ಎ3 ಸೈಜು.

ಕ್ಲಾಸಿನ ಉಳಿದ ಗುಂಪುಗಳದ್ದೆಲ್ಲ ಬಿಳಿ ಸೀರೆ, ಬಿಟ್ಟ ಕೂದಲು. ಒಂದು ಗುಂಪು "ನಾಳೆ ಬಾ" ಹಿಡಿದುಕೊಂಡಿದೆ. ತೊಂಬತ್ತರ ದಶಕದಲ್ಲಿ ಮಲ್ಲೇಶ್ವರದ ಕಡೆ ಬಾಗಿಲ ಮೇಲೆ ಬರೆಯುತ್ತಿದ್ದರಂತಲ್ಲ, ಅದೇ. ನಮ್ಮ ಕಥೆ ಸಂಪ್‌ನದು. ಚಾಮರಾಜಪೇಟೆಯಲ್ಲಿ ಅಜ್ಜಿ ಮನೆ ಇದೆ, ಹಳೇ ವಠಾರ. ಅಂಗಳದಲ್ಲಿ ಸಂಪ್, ಅದಕ್ಕೊಂದು ಕಬ್ಬಿಣದ ಮುಚ್ಚಳ. ಕಾವೇರಿ ನೀರು ಬರುವುದು ಹೊತ್ತಲ್ಲದ ಹೊತ್ತಿನಲ್ಲಿ. ಅಜ್ಜಿ ನಡುರಾತ್ರಿ ಎದ್ದು, ಹವಾಯಿ ಚಪ್ಪಲಿ ಮೆಟ್ಟಿಕೊಂಡು, ಟಾರ್ಚ್ ಹಿಡಿದು ಮುಚ್ಚಳ ಎತ್ತುತ್ತಾರೆ. ನೀರು ಎಷ್ಟಾಯಿತು ಅಂತ ಬಗ್ಗಿ ನೋಡುತ್ತಾರೆ. ಅವರು ಹಾಗೆ ಬಗ್ಗಿದರೆ ನನಗೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಜಗಳ ಇರುವುದು ಇಲ್ಲಿ. ಕೊನೆಯಲ್ಲಿ ಸಂಪ್‌ನಿಂದ ಒಂದು ಕೈ ಹೊರಗೆ ಬರಲೇಬೇಕು ಅಂತ ನಮ್ಮ ಗುಂಪಿನ ಹುಡುಗ ಹಟ ಹಿಡಿದಿದ್ದಾನೆ. ಅವನೇ ಒಳಗೆ ಇಳಿಯಲು ರೆಡಿ. ನನಗೆ ಆ ಕೈ ಬೇಡ. ಆದರೆ ಏನೂ ತೋರಿಸದೆ 90 ಸೆಕೆಂಡ್ ಹೇಗೆ ತುಂಬಿಸುವುದು? ನಮ್ಮ ಹತ್ತಿರ ಇರುವ ಕ್ಯಾಮೆರಾ ಒಂದು ಫೋನ್ ಅಷ್ಟೇ. ಹೆಸರಿನದೂ ರಗಳೆ. ನನಗೆ "ಸಂಪ್" ಸಾಕು, ಅವನಿಗೆ "ಕತ್ತಲ ಕೂಪ" ಬೇಕಂತೆ.

ಅಜ್ಜಿ ನಟಿಸಲು ಒಪ್ಪಿದ್ದಾರೆ. ಒಂದೇ ಷರತ್ತು, ಸಾಯಿಸಬಾರದು.

ಕಟ್ ಮಾಡೋನು:

ಮೊದಲು ಆ ಹುಡುಗನಿಗೆ ಹೇಳಿ, ಸಂಪ್‌ಗೆ ಇಳಿಯುವ ಮಾತೇ ಬೇಡ. ಮುಚ್ಚಿದ ತೊಟ್ಟಿಯಲ್ಲಿ ಉಸಿರಾಡುವ ಗಾಳಿ ಕಡಿಮೆ ಇರಬಹುದು, ಇಳಿಯುವ ತನಕ ಗೊತ್ತಾಗುವುದಿಲ್ಲ. ತೊಳೆಯಲು ಇಳಿದವರು ಉಸಿರುಗಟ್ಟಿ ಸತ್ತ ಸುದ್ದಿ ನಾವೆಲ್ಲ ಓದಿದ್ದೇವೆ. ಪಕ್ಕದಲ್ಲೇ ಮೋಟರ್ ಬೇರೆ, ನೀರು ಬೇರೆ. ಕೈ ಬೇಡ ಅನ್ನುವುದಕ್ಕೆ ಇಷ್ಟೇ ಕಾರಣ ಸಾಕು.

ಇನ್ನು ಟ್ರೇಲರ್. ಕಥೆ ಹೇಳಲು ಹೋಗಬೇಡಿ. ನಿಮ್ಮ ಹತ್ತಿರ ಆಗಲೇ ಒಂದು ಒಳ್ಳೇ ದೆವ್ವ ಇದೆ: ಮೋಟರ್ ಸದ್ದು. ಬೆಂಗಳೂರಿನವರಿಗೆ ಆ ಗುಂಯ್ ಅನ್ನುವುದು ಎಷ್ಟು ಅಭ್ಯಾಸವೆಂದರೆ ಕೇಳಿಸುವುದೇ ಇಲ್ಲ. ಅದನ್ನು ಕೇಳಿಸುವ ಹಾಗೆ ಮಾಡಿ. ಮೊದಲ ಸಲ ಅಜ್ಜಿ ಸ್ವಿಚ್ ಆಫ್ ಮಾಡುತ್ತಾರೆ, ಮೋಟರ್ ನಿಲ್ಲುತ್ತದೆ. ಮಾಮೂಲಿ ಮನೆ, ಮಾಮೂಲಿ ರಾತ್ರಿ. ಇದಕ್ಕೆ ಧಾರಾಳವಾಗಿ ಟೈಮ್ ಕೊಡಿ, ಅರ್ಧ ನಿಮಿಷವಾದರೂ ಪರವಾಗಿಲ್ಲ. ಎರಡನೇ ಸಲ ಸ್ವಿಚ್ ಆಫ್ ಮಾಡಿದರೂ ನಿಲ್ಲುವುದಿಲ್ಲ. ಮೂರನೇ ಸಲ ಇಡೀ ಬೀದಿಗೆ ಕರೆಂಟ್ ಹೋಗುತ್ತದೆ. ಫ್ಯಾನ್ ನಿಂತಿತು, ಬೀದಿ ದೀಪ ಆರಿತು. ಮೋಟರ್ ಓಡುತ್ತಲೇ ಇದೆ.

ಅಲ್ಲಿಗೆ ಪೂರ್ತಿ ಮೌನ, ಕಪ್ಪು ಪರದೆ, ಹೆಸರು. ಹೆಸರಾದ ಮೇಲೆ ಧಡಾರ್ ಅಂತ ಇನ್ನೊಂದು ಶಾಟ್ ಹಾಕುವುದು ಈಗ ಎಲ್ಲರ ಚಟ. ನಾನಾದರೆ ಹಾಕುವುದಿಲ್ಲ.

ಸದ್ದಿನ ಬಗ್ಗೆ ಇನ್ನೊಂದು ಮಾತು. ನಮ್ಮ ಕರೆಂಟ್ 50 ಹರ್ಟ್ಸ್, ಮೋಟರಿನ ಗುಂಯ್ 100 ಹರ್ಟ್ಸ್ ಆಸುಪಾಸಿನಲ್ಲಿ ಜಾಸ್ತಿ. ಫೋನ್ ಸ್ಪೀಕರಿನಲ್ಲಿ ಅದು ತೀರಾ ಸಣ್ಣಗೆ ಕೇಳುತ್ತದೆ. ಸಾಲದು ಅಂತ ಜೋರು ಮಾಡಿದಿರೋ, ಕಾಲೇಜಿನ ಹಾಲ್‌ನಲ್ಲಿ ಕಿವಿ ತೂತು. ಹೆಡ್‌ಫೋನ್ ಹಾಕಿ ಮಿಕ್ಸ್ ಮಾಡಿ, ಆಮೇಲೆ ಒಮ್ಮೆ ಹಾಲ್‌ನಲ್ಲೇ ಕೇಳಿ. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಧಾರಾಳ.

ಲೈಟ್ ಬಾಯ್ ಬಸವನಗುಡಿ:

ಕೈ ಬೇಡ ನಿಜ. ಆದರೆ ಸಂಪ್ ಒಳಗಿನಿಂದ ಮೇಲೆ ನೋಡುವ ಶಾಟ್ ಒಂದು ಬೇಕು ತಂಗಿ. ಯಾರೂ ಇಳಿಯಬೇಕಾಗಿಲ್ಲ. ದೊಡ್ಡ ರಟ್ಟಿನಲ್ಲಿ ಮುಚ್ಚಳದಷ್ಟು ಚೌಕ ಕತ್ತರಿಸಿ. ಎರಡು ಕುರ್ಚಿ ಮೇಲೆ ರಟ್ಟು ಇಟ್ಟು, ಕೆಳಗೆ ನೆಲದಲ್ಲಿ ಫೋನ್ ಅಂಗಾತ ಮಲಗಿಸಿ. ಅಜ್ಜಿ ಟಾರ್ಚ್ ಹಿಡಿದು ಬಗ್ಗಲಿ. ಒಳಗೆ ಇರುವವರ ಕಣ್ಣಿನಿಂದ ಅಜ್ಜಿಯನ್ನು ನೋಡಿದ ಹಾಗಾಯಿತು. ನೀರಿನ ಶಾಟ್‌ಗೆ ಗಾರೆ ಕೆಲಸದ ಕಪ್ಪು ಪ್ಲಾಸ್ಟಿಕ್ ಬಾಂಡ್ಲಿ ಸಾಕು, ಆಳ ಎಷ್ಟಿದೆ ಅಂತ ಯಾರಿಗೂ ತಿಳಿಯುವುದಿಲ್ಲ.

ಫೋನ್ ಕ್ಯಾಮೆರಾವನ್ನು ಆಟೋ ಮೋಡ್‌ನಲ್ಲಿ ಬಿಡಬೇಡಿ. ಕತ್ತಲು ಕಂಡ ಕೂಡಲೇ ಅದು ಬೆಳಕು ಎಳೆದುಕೊಂಡು ಚಿತ್ರವನ್ನೆಲ್ಲ ಮರಳು ಮರಳು ಮಾಡುತ್ತದೆ. ಎಕ್ಸ್‌ಪೋಷರ್, ಫೋಕಸ್ ಎರಡೂ ಲಾಕ್ ಮಾಡಿ. ವಠಾರದಲ್ಲಿ ಟ್ಯೂಬ್‌ಲೈಟ್ ಇದ್ದರೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ. ಇಲ್ಲದಿದ್ದರೆ ಪಟ್ಟೆ ಪಟ್ಟೆಯಾಗಿ ಮಿನುಗುತ್ತದೆ.

ನಡುರಾತ್ರಿ ಅಜ್ಜಿಯನ್ನು ಎಬ್ಬಿಸುವುದೂ ಬೇಡ. ಸೂರ್ಯ ಮುಳುಗಿದ ಮೇಲೆ ಸ್ವಲ್ಪ ಹೊತ್ತು ಆಕಾಶದಲ್ಲಿ ಬೆಳಕು ಉಳಿದಿರುತ್ತದಲ್ಲ, ಆಗ ತೆಗೆಯಿರಿ. ವೈಟ್ ಬ್ಯಾಲೆನ್ಸ್ 3200 ಕೆಲ್ವಿನ್‌ಗೆ ಇಳಿಸಿ, ಎಕ್ಸ್‌ಪೋಷರ್ ಕಡಿಮೆ ಮಾಡಿ. ನೀಲಿ ರಾತ್ರಿ ಸಿಗುತ್ತದೆ. ತೀರಾ ಕಪ್ಪು ಮಾಡಬೇಡಿ, ಕ್ಲಾಸ್‌ರೂಮ್ ಪ್ರೊಜೆಕ್ಟರಿನಲ್ಲಿ ಕಪ್ಪೆಲ್ಲ ಬೂದಿಯಾಗಿ ಕಾಣುತ್ತದೆ.

ವಠಾರದ ಹುಡುಗಿ:

ಕರೆಂಟ್ ಹೋದರೂ ಮೋಟರ್ ಓಡುವುದು! ಇದನ್ನು ಓದಿ ಹೇಳಿದ್ದಕ್ಕೆ ನಮ್ಮ ಹುಡುಗ ಕೈಯನ್ನೇ ಮರೆತುಬಿಟ್ಟ. ಥ್ಯಾಂಕ್ಸ್ ಅಣ್ಣ. ಪೋಸ್ಟರ್‌ಗೆ ತೆರೆದ ಮುಚ್ಚಳ, ಪಕ್ಕದಲ್ಲಿ ಅಜ್ಜಿಯ ಚಪ್ಪಲಿ ಮಾತ್ರ ಇಡೋಣ ಅಂದುಕೊಂಡೆ. ಅಜ್ಜಿ ಸ್ಕೆಚ್ ನೋಡಿ, "ಅಂದರೆ ನನ್ನನ್ನು ಒಳಗೆ ತಳ್ಳಿದಿರಿ ಅಂತಾಯಿತು" ಅಂದರು.

ಅಕ್ಷರ ಕೊರೆಯುವವಳು:

ಅಜ್ಜಿಗೆ ಹಾಗೆ ಅನ್ನಿಸಿದೆ ಅಂದರೆ ಪೋಸ್ಟರ್ ಕೆಲಸ ಮಾಡಿದೆ ಅಂತ ಅರ್ಥ. ಅದನ್ನೇ ಇಟ್ಟುಕೊಳ್ಳಿ. ಒಂದು ಚಪ್ಪಲಿ ನೆಟ್ಟಗೆ, ಇನ್ನೊಂದು ಮಗುಚಿಕೊಂಡಿರಲಿ.

ಹೆಸರು ಕಣ್ಣು ಮುಚ್ಚಿ "ಸಂಪ್". "ಕತ್ತಲ ಕೂಪ" ಮಧ್ಯಾಹ್ನದ ಧಾರಾವಾಹಿಯ ಹಾಗಿದೆ. ರಕ್ತ ಸೋರುವ ಅಕ್ಷರ ದಯವಿಟ್ಟು ಬೇಡ. ಸಂಪ್ ಮುಚ್ಚಳದ ಮೇಲೆ ಒದ್ದೆ ಬೆರಳಿನಲ್ಲಿ ಬರೆದು ಫೋಟೋ ತೆಗೆಯಿರಿ, ಅದೇ ಟೈಟಲ್. ಹಳೇ ಫೋಟೋಶಾಪ್‌ನಲ್ಲಿ ಕನ್ನಡ ಟೈಪ್ ಮಾಡುವುದಾದರೆ ಟೈಪ್ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಹಾಕಿಕೊಳ್ಳಿ. ಇಲ್ಲದಿದ್ದರೆ ಕೆಳಗಿನ ಸಾಲಿನ "ಛಾಯಾಗ್ರಹಣ", "ನಿರ್ದೇಶನ" ಎಲ್ಲ ಒತ್ತು ಕಳಚಿಕೊಂಡು ಬೀಳುತ್ತವೆ.

ಫೈಲ್ 3508 ಗುಣಿಸು 4961 ಪಿಕ್ಸೆಲ್ ಇರಲಿ, ಎ3ಗೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿಯ ಲೆಕ್ಕ. ಸ್ಕ್ರೀನ್‌ನಲ್ಲಿ ಕಾಣುವ ಕತ್ತಲು ಪೇಪರಿನ ಮೇಲೆ ಇನ್ನೂ ಮುಳುಗುತ್ತದೆ, ಚಪ್ಪಲಿ ಕಾಣದೇ ಹೋಗಬಹುದು. ಪ್ರಿಂಟಿಂಗ್ ಅಂಗಡಿಗಳಿರುವ ಸುಲ್ತಾನ್‌ಪೇಟೆ ನಿಮಗೆ ಹತ್ತಿರವೇ ಅಲ್ವಾ, ಮೊದಲು ಒಂದು ಎ4 ಟೆಸ್ಟ್ ತೆಗೆಸಿ ಹಗಲು ಬೆಳಕಿನಲ್ಲಿ ನೋಡಿ. ಪೇಪರ್ ಮ್ಯಾಟ್ ಇರಲಿ. ಗ್ಲಾಸಿ ಆದರೆ ನೋಡುವವರಿಗೆ ಕ್ಲಾಸಿನ ಟ್ಯೂಬ್‌ಲೈಟೇ ಕಾಣುವುದು.

ವಠಾರದ ಹುಡುಗಿ:

ಕೊನೆಯದೊಂದು. ಹಿನ್ನೆಲೆ ಸಂಗೀತ ಯೂಟ್ಯೂಬ್‌ನಿಂದ ಇಳಿಸಿಕೊಂಡರೆ ನಡೆಯುತ್ತದಾ?

ಕಟ್ ಮಾಡೋನು:

ಬೇಡ. ಬೇರೆಯವರ ಸಂಗೀತ, ಅಪ್‌ಲೋಡ್ ಮಾಡಿದ ದಿನವೇ ಕಾಪಿರೈಟ್ ಕ್ಲೇಮ್ ಬರಬಹುದು. ಸಂಪ್ ಮುಚ್ಚಳ ತೆಗೆದು, ಅಂಚಿನಲ್ಲಿ ಫೋನ್ ಭದ್ರವಾಗಿ ಹಿಡಿದು, ಚೊಂಬಿನಿಂದ ಹನಿ ಹನಿ ನೀರು ಬಿಡಿ. ಆ ಪ್ರತಿಧ್ವನಿ ಯಾವ ಸಾಫ್ಟ್‌ವೇರಿನಲ್ಲೂ ಇಷ್ಟು ಸುಲಭಕ್ಕೆ ಸಿಗುವುದಿಲ್ಲ. ಮುಚ್ಚಳ ಕಲ್ಲಿನ ಮೇಲೆ ಎಳೆಯುವ ಸದ್ದನ್ನು ನಾಲ್ಕು ಪಟ್ಟು ನಿಧಾನ ಮಾಡಿ ಕೇಳಿ. ಮೂಳೆ ಮುರಿಯುವ ಸದ್ದು ಬೇಕೆನಿಸಿದರೆ ದಂಟಿನ ಸೊಪ್ಪಿನ ದಪ್ಪ ದಂಟು ತಂದು ಮೈಕಿನ ಹತ್ತಿರ ತಿರುಚಿ ಮುರಿಯಿರಿ. ಉಳಿದದ್ದು ಹುಳಿಗೆ ಆಗುತ್ತದೆ.