ಜಪಾನಿನ ಸಣ್ಣ ಬೇಕರಿಯಲ್ಲಿ ಮಾಂಸ, ಮೊಟ್ಟೆ ತಿನ್ನದವರು ಏನು ಕೊಳ್ಳಬಹುದು?

ಪ್ರಶ್ನೆ: ಏಪ್ರಿಲ್‌ನಲ್ಲಿ ಅಪ್ಪ-ಅಮ್ಮನ ಜೊತೆ ಕ್ಯೋಟೊದಲ್ಲಿ ಐದು ದಿನ. ಬೆಳಗಿನ ತಿಂಡಿಗೆ ಹತ್ತಿರದ ಬೇಕರಿಯೇ ಗತಿ. ಮೂವರೂ ಮಾಂಸ ತಿನ್ನಲ್ಲ, ಅಮ್ಮ ಮೊಟ್ಟೆಯನ್ನೂ ಮುಟ್ಟಲ್ಲ. ಫಲಕಗಳೆಲ್ಲ ಜಪಾನಿಯಲ್ಲೇ ಇರುತ್ತವಂತೆ. ಒಳಗೆ ಹೋಗಿ ಏನು ಮಾಡಬೇಕು, ಯಾವುದನ್ನು ಧೈರ್ಯವಾಗಿ ತಗೋಬಹುದು?

ಉತ್ತರ 1: ಬಾಗಿಲ ಪಕ್ಕದಲ್ಲೇ ತಟ್ಟೆ, ಇಕ್ಕಳ ಇಟ್ಟಿರುತ್ತಾರೆ. ಬೇಕಾದ್ದನ್ನು ನೀವೇ ಎತ್ತಿ ತಟ್ಟೆಗಿಟ್ಟು ಕೌಂಟರಿಗೆ ಒಯ್ಯಬೇಕು. ಇಕ್ಕಳ ತಾಗಿದ ಬ್ರೆಡ್ಡನ್ನು ವಾಪಸ್ ಇಡುವಂತಿಲ್ಲ, ಹಾಗಾಗಿ ಕೇಳುವುದಿದ್ದರೆ ಎತ್ತುವ ಮೊದಲೇ ಕೇಳಿ. ಮೆತ್ತನೆಯ ಕ್ರೀಮ್ ಪಾನ್ (ಪಾನ್ ಎಂದರೆ ಬ್ರೆಡ್, ಇದು ಕಸ್ಟರ್ಡ್ ತುಂಬಿದ ಬನ್ನು) ಮೇಲಿನಿಂದ ಅದುಮಿದರೆ ಒಡೆದು ಕಸ್ಟರ್ಡ್ ಹೊರಬರುತ್ತದೆ. ಇಕ್ಕಳದ ಒಂದು ಬದಿಯನ್ನು ತಳಕ್ಕೆ ತೂರಿಸಿ ಎತ್ತಬೇಕು.

ಹಣವನ್ನು ಕೈಗೆ ಕೊಡದೆ ಕೌಂಟರಿನ ಪುಟ್ಟ ತಟ್ಟೆಯಲ್ಲಿಡಿ. ಕಾರ್ಡ್ ನಡೆಯದ ಅಂಗಡಿಗಳೂ ಇವೆ, ನಗದು ಇರಲಿ. ಕಟ್ಟಿಸಿಕೊಂಡರೆ ತೆರಿಗೆ 8%, ಅಲ್ಲೇ ಕೂತು ತಿಂದರೆ 10%. 'ಮೋಚಿಕಾಯೆರಿ' ಎಂದರೆ ಪಾರ್ಸೆಲ್. 2020ರ ಜುಲೈನಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ಬೇರೆ ದುಡ್ಡು.

ಉತ್ತರ 2: ಮುಖ್ಯ ವಿಷಯ ಒಳಗೆ ಏನಿದೆ ಅನ್ನೋದು. ಪೊಟ್ಟಣ ಕಟ್ಟದೆ ಅಂಗಡಿಯಲ್ಲೇ ಮಾಡಿ ಮಾರುವ ಬ್ರೆಡ್ಡಿಗೆ ಪದಾರ್ಥಗಳ ಪಟ್ಟಿ ಅಂಟಿಸಬೇಕೆಂಬ ಕಡ್ಡಾಯ ಅಲ್ಲಿಲ್ಲ. ಫೋನಿನ ಅನುವಾದ ಫಲಕದಲ್ಲಿರುವುದನ್ನಷ್ಟೇ ಓದುತ್ತದೆ. ಅಲ್ಲಿ ಬರೆಯದ್ದು ಗೊತ್ತಾಗೋದಿಲ್ಲ.

ಕರೇ ಪಾನ್ ಬೇಡವೇ ಬೇಡ. ಅದು ಎಣ್ಣೆಯಲ್ಲಿ ಕರಿದ, ಕರಿ (ಮಸಾಲೆ ಗೊಜ್ಜು) ತುಂಬಿದ ಬನ್ನು. ಮಾಂಸದ ಚೂರು ತೆಗೆದಿಟ್ಟರೂ ಪ್ರಯೋಜನವಿಲ್ಲ, ಆ ಕರಿಯ ಮಸಾಲೆಯಲ್ಲೇ ಹೆಚ್ಚಾಗಿ ದನದ ಅಥವಾ ಹಂದಿಯ ಕೊಬ್ಬು ಇರುತ್ತದೆ. ಮೆಲೋನ್ ಪಾನ್‌ನ ಮೇಲಿನ ಬಿಸ್ಕತ್ತು ಪದರಕ್ಕೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ, ಕ್ರೀಮ್ ಪಾನ್‌ನ ಕಸ್ಟರ್ಡಿಗೂ ಅಷ್ಟೆ.

ಅನ್‌ಪಾನ್ ಎಂದರೆ ಸಿಹಿ ಹೂರಣದ ಬನ್ನು. ಹೂರಣ ಅಜುಕಿ (ಸಣ್ಣ ಕೆಂಪು) ಕಾಳು, ಸಕ್ಕರೆ. ನಮ್ಮ ಹೋಳಿಗೆ ಹೂರಣದ ನೆಂಟ. ನುಣ್ಣಗೆ ಸೋಸಿದ್ದು ಕೋಶಿಅನ್, ಕಾಳು ಸಿಗುವುದು ತ್ಸುಬುಅನ್. ಟೋಕಿಯೊದ ಗಿಂಜಾದ ಕಿಮುರಾಯ ಬೇಕರಿ 1874ರಲ್ಲಿ ಅನ್‌ಪಾನ್ ಶುರುಮಾಡಿದ್ದು ಅಕ್ಕಿ, ಕೋಜಿಯಿಂದ (ಹುದುಗಿಸಲು ಬಳಸುವ ಶಿಲೀಂಧ್ರ) ಮಾಡಿದ ಹುದುಗಿನಿಂದ. ಹೂರಣದಲ್ಲಿ ತೊಂದರೆಯಿಲ್ಲ, ಆದರೆ ಮೇಲ್ಮೈ ಕಂದಾಗಿ ಮಿರಮಿರ ಮಿಂಚುತ್ತಿದ್ದರೆ ಮೊಟ್ಟೆ ಸವರಿರುವ ಸಾಧ್ಯತೆ ಹೆಚ್ಚು. ಕಣಕಕ್ಕೂ ಹಾಕಿರಬಹುದು. ಅಮ್ಮನಿಗೆ ಬಗೆತ್ (ಉದ್ದನೆಯ ಫ್ರೆಂಚ್ ಬ್ರೆಡ್) ಒಳ್ಳೆಯದು: ಸಾಮಾನ್ಯವಾಗಿ ಹಿಟ್ಟು, ನೀರು, ಉಪ್ಪು, ಯೀಸ್ಟ್ ಅಷ್ಟೆ. ಆಮೇಲೆ ಶಿಯೋ ಪಾನ್ (ಉಪ್ಪಿನ ಬ್ರೆಡ್). ಒಳಗಿಟ್ಟ ಬೆಣ್ಣೆ ಕರಗಿ ನಡುವೆ ಪೊಳ್ಳಾಗಿ ತಳ ಗರಿಗರಿಯಾಗಿರುತ್ತದೆ. ಇದನ್ನು ಮಾತ್ರ ಕೇಳಿಯೇ ತಗೊಳ್ಳಿ.

ಕೇಳುವುದು ಹೀಗೆ: 'ತಮಾಗೊ ಹಾಯಿತ್ತೆ ಇಮಾಸ್ ಕಾ?' (ಮೊಟ್ಟೆ ಇದೆಯಾ?) ಉತ್ತರ 'ಇಮಾಸ್' ಎಂದು ಮುಗಿದರೆ ಇದೆ, 'ಇಮಾಸೆನ್' ಆದರೆ ಇಲ್ಲ. ಮಾಂಸಕ್ಕೆ 'ನಿಕು'. ಅದೊಂದೇ ಕೇಳಿದರೆ ಸಾಲದು, ಕೊಬ್ಬನ್ನು ಅವರು ನಿಕು ಅಂತ ಲೆಕ್ಕಕ್ಕೆ ಹಿಡಿಯದಿರಬಹುದು. 'ರಾಡೊ' (ಹಂದಿ ಕೊಬ್ಬು) ಎಂದು ಬೇರೆಯಾಗಿ ಕೇಳಿ.

ಉತ್ತರ 3: ಮೂವರಿಗೆ ಶೊಕುಪಾನ್ (ಹಾಲುಬಿಳಿ ಬ್ರೆಡ್) ಲಾಭದ ಮಾತು, ಮೊಟ್ಟೆ, ರಾಡೊ ಇಲ್ಲವೆಂದು ಕೇಳಿಕೊಂಡ ಮೇಲೆ. ಅಳತೆ 'ಕಿನ್', 1 ಕಿನ್ ಕನಿಷ್ಠ 340 ಗ್ರಾಂ. 'ರೊಕುಮಾಯ್' ಎಂದರೆ 6 ಹೋಳು ಮಾಡಿಕೊಡುತ್ತಾರೆ. ಆಗತಾನೆ ಒಲೆಯಿಂದ ಬಂದದ್ದನ್ನು ಕತ್ತರಿಸಲು ಒಪ್ಪದಿದ್ದರೆ ಬೇಸರ ಬೇಡ, ಒಳಗಿನ ಹಬೆ ಆರುವ ಮುನ್ನ ಕತ್ತಿ ಹಾಕಿದರೆ ಮುದ್ದೆಯಾಗುತ್ತದೆ. ಉಳಿದದ್ದು ಫ್ರಿಜ್ಜಿನಲ್ಲಿ ಬಿರುಸಾಗುತ್ತದೆ, ಹೊರಗೇ ಸುತ್ತಿಡಿ.

ಸೋಮವಾರ, ಮಂಗಳವಾರ ರಜೆ ಇರುವ ಅಂಗಡಿಗಳು ಬಹಳ. ಮಾಲು ಖಾಲಿಯಾದರೆ ಹೊತ್ತಿಗೆ ಮುಂಚೆಯೇ ಬಾಗಿಲು ಹಾಕುತ್ತಾರೆ, ಬೆಳಿಗ್ಗೆಯೇ ಹೋಗಿ.